ಚೈತ್ರನ ತಂದೆ ಮಾತಾಡ್ತಾ ಇದೀನಿ

ಪೋಷಕರ ಸಭೆಯ ದಿನ ಬೆಳಗ್ಗೆ ಬಚ್ಚಲ ಮುಂದೆ ಹಲ್ಲುಜ್ಜುತ್ತ ನಿಂತಿದ್ದ ಕೀರ್ತನಳಿಗೆ, ಹತ್ತೊಂಬತ್ತು ವರ್ಷ ಹೆಣ್ಣುಮಗಳಾಗಿ ಬದುಕಿ ಸಂಪಾದಿಸದ ಮರ್ಯಾದೆಯನ್ನು ತಾನು ಈ ಒಂದು ವರ್ಷ ಗಂಡಸಾಗಿ, ಅದರಲ್ಲೂ ಬೆಳೆದ ಮಗಳಿರುವ ಒಬ್ಬ ತಂದೆಯಾಗಿ ಸಂಪಾದಿಸಿಬಿಟ್ಟೆನಲ್ಲ ಎನ್ನಿಸಿ ನಗು ಬಂತು. ನಗುವಿನ ಹಿಂದೆಯೇ ಸಭೆಯ ನೆನಪೂ ಬಂತು. ಹನ್ನೊಂದು ಗಂಟೆಗೆ ದೊಡ್ಡಬಳ್ಳಾಪುರದ ಕಾಲೇಜಿನ ಸಭಾಂಗಣದಲ್ಲಿ ಅವಳ ಗೆಳತಿ ಚೈತ್ರಳ ತಂದೆ ರಾಮಾಂಜಿನಪ್ಪನವರು ಎಲ್ಲ ಪೋಷಕರ ಪರವಾಗಿ ನಾಲ್ಕು ಮಾತು ಆಡುವವರಿದ್ದರು. ಆಡುತ್ತೇನೆ ಎಂದು ಲೆಕ್ಚರರ್ ಶ್ರೀಧರ್ ಸಾರ್‌ಗೆ ಫೋನಿನಲ್ಲಿ ಒಪ್ಪಿಕೊಂಡವಳು ಕೀರ್ತನ. ರಾಮಾಂಜಿನಪ್ಪನವರಿಗೆ ಅಂಥದೊಂದು ಫೋನು ಬಂದದ್ದೇ ಗೊತ್ತಿರಲಿಲ್ಲ; ಅದಕ್ಕೂ ಮುಂಚಿನ ಫೋನುಗಳು ಬಂದದ್ದೂ ಗೊತ್ತಿರಲಿಲ್ಲ. ಇಡೀ ವರ್ಷ ಕಾಲೇಜಿನ ಪಾಲಿಗೆ ರಾಮಾಂಜಿನಪ್ಪ ಎಂದರೆ ಕೀರ್ತನಳ ಗಂಟಲು. ಇವತ್ತು ಆ ಗಂಟಲಿಲ್ಲದ ರಾಮಾಂಜಿನಪ್ಪ ವೇದಿಕೆ ಹತ್ತುತ್ತಾರೆ, ಸಾರ್‌ಗೆ ಗೊತ್ತಾಗುತ್ತದೆ, ಸಾರ್‌ಗೆ ಗೊತ್ತಾದದ್ದು ಕಾಲೇಜಿಗೆಲ್ಲ ಗೊತ್ತಾಗುತ್ತದೆ, ಮೈಕಿನ ಪಕ್ಕ ನಿಂತಿರುವ ಕೆಂಪರಾಜನಿಗೂ ಗೊತ್ತಾಗುತ್ತದೆ. ಕೆಂಪರಾಜನ ಹೆಸರು ಮನಸ್ಸಿಗೆ ಬಂದೊಡನೆ ಅವಳು ನೊರೆ ಉಗುಳಿ, ಬಾಯಿ ಮುಕ್ಕಳಿಸಿ, ಆದಷ್ಟೂ ಸಣ್ಣ ದನಿ ಮಾಡಿ "ನಮಸ್ಕಾರ" ಎಂದು ನೋಡಿದಳು. ಬಂದದ್ದು ಗ್ರಾಮ ಪಂಚಾಯಿತಿ ಅಧ್ಯಕ್ಷರ ನಮಸ್ಕಾರವೇ.

ಅವಳ ದನಿ ದಪ್ಪ. ಒಡೆದದ್ದಲ್ಲ, ಕರ್ಕಶವಲ್ಲ, ಸುಮ್ಮನೆ ದಪ್ಪ. ಆಳದಿಂದ ಎದ್ದು ನಿಧಾನವಾಗಿ ಬಂದು ಎದುರಿಗಿದ್ದವರ ಎದೆಗೆ ತಾಕುವಂಥದು. ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ಆದಿನಾರಾಯಣಪ್ಪನ ಪವರ್‌ಲೂಮ್ ಮಗ್ಗಗಳು ಬೆಳಗ್ಗೆ ಶುರುವಾದರೆ ಕರೆಂಟು ಹೋಗುವ ತನಕ ಬಡಿಯುತ್ತಲೇ ಇರುತ್ತವೆ. ಅಮ್ಮ ಅವಳ ಜೋಲಿ ಕಟ್ಟಿದ್ದು ಅದೇ ಶೆಡ್ಡಿನ ತೊಲೆಗೆ. ಆ ಗದ್ದಲದಲ್ಲಿ ಕಿರುಚಿದವರ ಮಾತು ಪಕ್ಕದ ಮಗ್ಗಕ್ಕೂ ಮುಟ್ಟುವುದಿಲ್ಲ. ದನಿಯನ್ನು ಹೊಟ್ಟೆಯಿಂದ ಎತ್ತಿ ಸದ್ದಿನ ಕೆಳಗಿನಿಂದ ತಳ್ಳಿದರೆ ಆಚೆ ಗೋಡೆಯವರೆಗೂ ಹೋಗುತ್ತದೆ. ಅವಳು ಮಾತು ಕಲಿತದ್ದೇ ಹಾಗೆ. ಮನೆಯಲ್ಲಿ ಅದನ್ನು ಯಾರೂ ಗಮನಿಸಿದವರಲ್ಲ. ಕಿವಿ ಮಂದವಾದ ಅಜ್ಜಿ ಅಂಜಿನಮ್ಮನಂತೂ, "ಈ ಮನೇಲಿ ನಂಗ್ ಕೇಳೋ ಹಂಗೆ ಮಾತಾಡೋಳು ಇವಳೊಬ್ಳೇಯ, ಮಿಕ್ಕೋರೆಲ್ಲ ಬಾಯಲ್ಲಿ ಅವಲಕ್ಕಿ ಇಟ್ಕೊಂಡವ್ರೆ" ಎಂದು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಳ್ಳುತ್ತಿದ್ದಳು. ಹೊರಗಿನ ಪ್ರಪಂಚ ಅಜ್ಜಿಯಷ್ಟು ಕಿವುಡಾಗಿರಲಿಲ್ಲ. ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದರೆ "ಹೇಳಿ ಸರ್" ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ನಿಲ್ಲಿಸಿದ ಮೇಷ್ಟ್ರು ಎರಡು ಸಾಲಿಗೇ ಮಕ್ಕಳೆಲ್ಲ ನಕ್ಕದ್ದು ಕೇಳಿ, "ನೀನು ಬಾಯಿ ಆಡಿಸಮ್ಮ ಸಾಕು, ದನಿ ಬೇಡ" ಎಂದಿದ್ದರು, ಬಹಳ ಮೃದುವಾಗಿಯೇ. ಅವರ ಮೃದುತ್ವದಿಂದಲೇ ಹೆಚ್ಚು ನೋವಾಯಿತು. ಮೂರು ವರ್ಷ ಅವಳು ದಿನಾ ಬೆಳಗ್ಗೆ ಸಾಲಿನ ಮಧ್ಯೆ ನಿಂತು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದಳು. ಅಂಥವಳಿಗೆ ಇಟ್ಟ ಹೆಸರು ಕೀರ್ತನ.

ಫೋನಿನ ವ್ಯವಹಾರ ಶುರುವಾದದ್ದು ಚೈತ್ರಳಿಂದ. ಇಬ್ಬರೂ ಅದೇ ತಾಲ್ಲೂಕಿನ ಮಧುರೆಗೆ ಹತ್ತಿರದ ಒಂದೇ ಊರಿನವರು. ಒಂದೇ ಬಸ್ಸು, ಒಂದೇ ಬೆಂಚು, ಬಿ.ಕಾಂ. ಮೊದಲ ವರ್ಷ. ಚೈತ್ರಳಿಗೆ ಡೆಬಿಟ್ಟು ಕ್ರೆಡಿಟ್ಟುಗಳಿಗಿಂತ ಮದುಮಕ್ಕಳ ಮುಖದ ಮೇಲೆ ಹೆಚ್ಚು ನಂಬಿಕೆ. ವಾರದಲ್ಲಿ ಎರಡು ಮೂರು ಮಧ್ಯಾಹ್ನ ಕ್ಲಾಸು ತಪ್ಪಿಸಿ ಒಂದು ಬ್ಯೂಟಿ ಪಾರ್ಲರಿನಲ್ಲಿ ಮದುವೆ ಮೇಕಪ್ಪು ಕಲಿಯುತ್ತಿದ್ದಳು. ಕಾಲೇಜಿನವರೋ ಪ್ರತಿಯೊಬ್ಬ ಲೆಕ್ಚರರಿಗೂ ಒಂದಷ್ಟು ಹುಡುಗ ಹುಡುಗಿಯರನ್ನು ಹಂಚಿ, ಮೆಂಟರ್ ಎಂದು ಹೆಸರಿಟ್ಟು, ಹಾಜರಾತಿ ಕಮ್ಮಿಯಾದರೆ ತಂದೆಗೇ ನೇರ ಫೋನ್ ಮಾಡುವ ಕೆಲಸ ಒಪ್ಪಿಸಿದ್ದರು. ಚೈತ್ರ ತಂದೆಯ ನಂಬರ್ ಎಂದು ಕೊಟ್ಟದ್ದು ಕೀರ್ತನಳ ಫೋನಿನ ಎರಡನೇ ಸಿಮ್ಮಿನ ನಂಬರು. "ಒಂದೇ ಒಂದ್ ಸಲ ಕಣೇ. ನೀನ್ ಹಲೋ ಅಂದ್ರೆ ಸಾಕು, ನಮ್ಮಪ್ಪನಿಗಿಂತ ಜಾಸ್ತಿ ಅಪ್ಪನ್ ತರ ಇರ್ತೀಯ" ಎಂದು ಅವಳು ಗದ್ದ ಹಿಡಿದು ಕೇಳಿಕೊಂಡಾಗ ಕೀರ್ತನಳಿಗೆ ಅವಮಾನವಾಯಿತು. ಆದರೆ ಈ ಗಂಟಲನ್ನು ಬೇಕು ಎಂದು ಕೇಳಿದವರು ಅದುವರೆಗೆ ಬೇರೆ ಯಾರೂ ಇರಲಿಲ್ಲ.

ಮೊದಲ ಫೋನಿನಲ್ಲೇ ನಿಲ್ಲಿಸಬಹುದಿತ್ತು. "ರಾಮಾಂಜಿನಪ್ಪನವರಾ? ನಮಸ್ಕಾರ ಸಾರ್, ನಾನು ಶ್ರೀಧರ್ ಅಂತ, ನಿಮ್ಮ ಮಗಳ ಲೆಕ್ಚರರ್" ಎಂಬ ದನಿ ಕೇಳಿದಾಗ, ಕ್ಲಾಸಿನಲ್ಲಿ ಹಾಜರಿಯ ನಂಬರ್ ಕೂಗಿದಾಗಲೂ ಬಾಯಿ ಬಿಡದೆ ಕೈ ಎತ್ತುವ ತನ್ನ ಹೆಸರೇ ನೆನಪಿರದೆ 'ಏಯ್, ಕಿಟಕಿ ಪಕ್ಕ' ಎನ್ನುವ ಇದೇ ಮನುಷ್ಯ ತನ್ನನ್ನು ಸಾರ್ ಎನ್ನುತ್ತಿದ್ದಾರಲ್ಲ ಎಂದು ಅವಳಿಗೆ ಬೆನ್ನು ನೆಟ್ಟಗಾಯಿತು. "ಹೂಂ ಸಾ, ಚೈತ್ರನ ತಂದೆ ಮಾತಾಡ್ತಾ ಇದೀನಿ, ಹೇಳಿ" ಎಂದಳು. ಅವತ್ತು ಚೈತ್ರಳಿಗೆ ಜ್ವರ ಬರಿಸಿದಳು. ಮುಂದಿನ ತಿಂಗಳು ಹಸುವಿಗೆ ಕರು ಹಾಕಿಸಿದಳು, ಆಮೇಲೆ ಚಿಕ್ಕಮ್ಮನ ಮಗಳ ಮದುವೆ ಮಾಡಿಸಿದಳು. ಅಷ್ಟಕ್ಕೇ ಬಿಡದೆ, ಅವಶ್ಯಕತೆಯೇ ಇಲ್ಲದ ಕಡೆ, "ಹುಡ್ಗೀರು ಅಂದ್ರೆ ಗಾಬ್ರಿ ಬೀಳ್ಬಾರ್ದು ಸಾ, ಅವರ ದಾರಿ ಅವ್ರು ಹುಡುಕ್ಕೊಳ್ತಾರೆ" ಎಂಬಂಥ ದೊಡ್ಡ ಮಾತುಗಳನ್ನೂ ಸೇರಿಸತೊಡಗಿದಳು. ಸಾರ್ ಆ ಕಡೆ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಅವರು ಚೈತ್ರಳ ವಿಷಯವೇ ಎತ್ತಲಿಲ್ಲ. ಅವರ ಮಗಳು ಸಿಂಚನ, ಒಂಬತ್ತನೇ ಕ್ಲಾಸು. ಇವರು ಅವಳ ಫೋನ್ ಕಿತ್ತುಕೊಂಡು ಮೆಸೇಜುಗಳನ್ನೆಲ್ಲ ಓದಿ ಬೈದ ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. "ನೀವು ಹೆಣ್ಣುಮಗು ಸಾಕಿದವರು ಸಾರ್, ಏನು ಮಾಡಲಿ ಹೇಳಿ" ಎಂದರು. ನೈಟಿ ಹಾಕಿಕೊಂಡು ಟೆರೇಸಿನಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದ ರಾಮಾಂಜಿನಪ್ಪನವರು ಕೈಲಿದ್ದ ಲಂಗ ಕೆಳಗಿಟ್ಟರು. ಆಮೇಲೆ, "ತಪ್ಪಾಯ್ತು ಅಂದ್ಬಿಡಿ ಸಾ. ಅಪ್ಪಂದಿರು ತಪ್ಪಾಯ್ತು ಅಂದ್ರೆ ಏನೂ ಉದ್ರೋಗಲ್ಲ. ಅಂದ್ಬಿಟ್ಟು ಸುಮ್ನೆ ಎದ್ ಬಂದ್ಬಿಡಿ, ಅಲ್ಲೇ ನಿಂತು ಉತ್ರಕ್ಕೆ ಕಾಯ್ಬೇಡಿ" ಎಂದರು. ಒಂದು ವಾರದ ಮೇಲೆ ಸಾರ್ ಮತ್ತೆ ಫೋನ್ ಮಾಡಿ, "ಮಾತಾಡಿದಳು ಸಾರ್" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಅದನ್ನು ಕೀರ್ತನ ಚೈತ್ರಳಿಗೂ ಹೇಳಲಿಲ್ಲ. ಮಾರನೆಯ ದಿನ ಕ್ಲಾಸಿನಲ್ಲಿ ಅವರ ಮುಖ ನೋಡಲಾಗದೆ ಪುಸ್ತಕದಲ್ಲಿ ತಲೆ ಹುದುಗಿಸಿ ಕೂತಳು, "ಏಯ್, ಕಿಟಕಿ ಪಕ್ಕ, ನಿದ್ದೇನಾ?" ಎಂದು ಸಾರ್ ಬೈದರು. ಆ ಉಪಕಾರದ ಋಣಕ್ಕೇ ಇರಬೇಕು, ಸಭೆಗೆ ಮಾತಾಡಲು ಬೇರೆ ಯಾರನ್ನೂ ಕರೆಯದೆ ರಾಮಾಂಜಿನಪ್ಪನವರನ್ನೇ ಕರೆದರು. ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಕರೆದವರ ದನಿಯಲ್ಲಿದ್ದ ಪ್ರೀತಿಗೆ ಅವಳ ತಲೆ ತಿರುಗಿಹೋಗಿತ್ತು. "ಆಯ್ತು ಸಾ, ಬತ್ತೀನಿ" ಎಂದುಬಿಟ್ಟಳು.

"ಬತ್ತೀನಿ ಅನ್ನಕ್ಕೆ ನೀನ್ ಯಾರೇ?" ಎಂದು ಚೈತ್ರ ಕೇಳಿದ್ದಳು. ಕೊನೆಗೆ ಉಪಾಯ ಹುಡುಕಿದವಳು ಚೈತ್ರಳೇ: ನಿಜವಾದ ಅಪ್ಪನನ್ನೇ ಕರೆದುಕೊಂಡು ಹೋಗುವುದು, ಅಪ್ಪನಿಗೆ ಗಂಟಲು ಕಟ್ಟಿದೆ ಎಂದು ಸಾರ್‌ಗೆ ಹೇಳುವುದು, ಅಪ್ಪ ವೇದಿಕೆಯ ಮೇಲೆ ಕೂತು ಕೈಮುಗಿದು ಇಳಿದು ಬರುವುದು. ರಾಮಾಂಜಿನಪ್ಪ ಮಾತಾಡಲು ಹಟ ಹಿಡಿಯುವ ಪೈಕಿ ಅಲ್ಲ. ಅವರ ದನಿ ಕೀರ್ತನಳದಕ್ಕೆ ತದ್ವಿರುದ್ಧ, ಸಣ್ಣ ಹುಡುಗಿಯರ ದನಿಯಷ್ಟು ತೆಳು. ಊರಲ್ಲಿ ಪೀಪಿ ರಾಮಾಂಜಿ ಎಂದೇ ಕರೆಯುತ್ತಾರೆ. ಗುಲಾಬಿ ಬೆಳೆದರೂ ಹೂವಿನ ಮಾರ್ಕೆಟ್ಟಿನಲ್ಲಿ ಕೂಗಿ ವ್ಯಾಪಾರ ಮಾಡಲಾಗದೆ ಪಕ್ಕದ ತೋಟದ ಪಿಳ್ಳಣ್ಣನ ಕೈಲಿ ಕಳಿಸುವ ಮನುಷ್ಯ. ಗ್ರಾಮಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ತಲೆ ಆಡಿಸಿ ಎದ್ದು ಬರುತ್ತಾರೆ. ಹೀಗಾಗಿ ಉಪಾಯದಲ್ಲಿ ತೊಡಕೇನೂ ಕಾಣುತ್ತಿರಲಿಲ್ಲ.

ಬಸ್‌ಸ್ಟಾಪಿಗೆ ಬಂದಾಗ ಕಂಡಿತು. ರಾಮಾಂಜಿನಪ್ಪ ಇಸ್ತ್ರಿಯ ಗೆರೆ ಎದ್ದು ಕಾಣುವ ಬಿಳಿ ಶರಟು, ಬಿಳಿ ಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೈಯಲ್ಲಿ ಬಾಳೆ ಎಲೆ ಸುತ್ತಿದ ಗುಲಾಬಿಯ ಗೊಂಚಲು ಹಿಡಿದು ನಿಂತಿದ್ದರು. ಮುಖದ ತುಂಬ ಮದುವೆಯ ಕಳೆ. ಚೈತ್ರ ಅವರ ಹಿಂದೆ ನಿಂತು ಕಣ್ಣಲ್ಲೇ ಏನೋ ಸನ್ನೆ ಮಾಡುತ್ತಿದ್ದಳು.

"ಬಾರವ್ವ ಕೀರ್ತನ. ನಿಮ್ಮಪ್ಪ ಬರ್ಲಿಲ್ವಾ?"

"ಮಗ್ಗ ಬಿಟ್ಟು ಬರಲ್ಲ ಮಾವ ಅವರು." ಅವರೆದುರು ಅವಳು ಎಂದಿನ ದನಿಯಲ್ಲೇ ಮಾತಾಡುತ್ತಿದ್ದಳು. ಚಿಕ್ಕಂದಿನಿಂದ ನೋಡಿದ ಮನುಷ್ಯ.

"ನೋಡು, ಸ್ಟೇಜ್ ಮ್ಯಾಕೆ ಕರ್ದವ್ರಂತೆ ನನ್ನ. ಗಂಟ್ಲು ಕಟ್ಟೈತೆ ಅಂತೇಳಿ ಸುಮ್ಕೆ ಕೂತ್ಕೋ ಅಂತಾಳೆ ಇವ್ಳು. ನಂಗೇನ್ ಕಟ್ಟಿಲ್ಲ. ನಾಕ್ ಮಾತು ಜೋಡಿಸ್ಕೊಂಡಿವ್ನಿ. ನಿನ್ನೆ ಹೂ ಕೀಳೋವಾಗ ಗಿಡಗಳ ಮುಂದೆ ಹೇಳ್ನೋಡ್ದೆ. ಚೆನ್ನಾಗ್ ಬಂತು." ಹೇಳಿ, ನಾಚಿಕೊಂಡು, ಎಲೆಯೊಳಗಿನ ಹೂವಿನ ಮೇಲೆ ನೀರು ಚಿಮುಕಿಸಿದರು.

ಬಸ್ಸಿನಲ್ಲಿ ಕೀರ್ತನ ಕಿಟಕಿಯ ಪಕ್ಕ ಕೂತು ಆ ಗಿಡಗಳನ್ನು ಕಣ್ಣ ಮುಂದೆ ತಂದುಕೊಂಡಳು. ಸಾಲುಸಾಲು ಗುಲಾಬಿ ಗಿಡ, ಅವುಗಳ ನಡುವೆ ಒಬ್ಬ ಗಂಡಸು, ಯಾರೂ ನಗದ ಜಾಗ ನೋಡಿಕೊಂಡು ಮಾತು ಕಲಿಯುತ್ತಿದ್ದಾನೆ. ತಾನು ಅವರ ಹೆಸರನ್ನು ವರ್ಷಪೂರ್ತಿ ತೊಟ್ಟುಕೊಂಡು ತಿರುಗಿದವಳು, ಹೊಸ ಬಟ್ಟೆಯ ಹಾಗೆ ಮೆರೆದವಳು; ಅವರಿಗೆ ಅದೇ ಹೆಸರಿನ ಮೇಲೆ ನಾಲ್ಕು ಮಾತು ಆಡುವ ಅವಕಾಶ ಜೀವಮಾನದಲ್ಲಿ ಇದೊಂದೇ. ಪಾಪ ಎನ್ನಿಸಿತು. ಮರುಕ್ಷಣವೇ, ಇವರು ಬಾಯಿ ತೆರೆದರೆ ತನ್ನ ಗತಿ ಏನು ಎಂದು ಭಯವಾಯಿತು. ಸಾರ್‌ಗಿಂತ ಹೆಚ್ಚಾಗಿ ಕೆಂಪರಾಜನ ಭಯ. ಅವನು ಫೈನಲ್ ಬಿ.ಎ.; ಅವನ ಸೋದರಮಾವನದು ಶಾಮಿಯಾನ, ಮೈಕ್‌ಸೆಟ್ಟಿನ ಅಂಗಡಿ, ಕಾಲೇಜಿನ ಸಮಾರಂಭಗಳಿಗೆಲ್ಲ ಇವನೇ ಮೈಕು ಕಟ್ಟುವವನು. ಅವನು ವೈರು ಸುತ್ತುವ ರೀತಿಗೇ ಅವಳು ಮನಸೋತಿದ್ದಳು. ಆರು ತಿಂಗಳಿಂದ ಇಬ್ಬರ ನಡುವೆ ಮೆಸೇಜು. ಅವನು ದನಿ ಕಳಿಸುತ್ತಾನೆ, ಅವಳು ಅಕ್ಷರ ಕಳಿಸುತ್ತಾಳೆ. ಎದುರಿಗೆ ಸಿಕ್ಕಾಗ ಅವಳು ನಗುತ್ತಾಳೆ, ಚೈತ್ರ ಅನುವಾದ ಮಾಡುತ್ತಾಳೆ. ಒಂದು ವಾಯ್ಸ್ ಮೆಸೇಜ್ ಹಾಕು ಎಂದಾಗಲೆಲ್ಲ ಗಂಟಲು ನೋವು ಎಂದು ಅವಳು ಟೈಪ್ ಮಾಡುತ್ತಿದ್ದುದಕ್ಕೆ, ಅವನು ಒಂದು ದಿನ ಚೈತ್ರಳ ಕೈಲಿ ಶುಂಠಿ, ಕಾಳುಮೆಣಸು, ಜೇನುತುಪ್ಪದ ಶೀಶೆ ಕೊಟ್ಟು ಕಳಿಸಿದ್ದ. ಜೇನುತುಪ್ಪವನ್ನು ಅಜ್ಜಿ ತಿಂದಳು. ಎಷ್ಟೋ ಸಲ ಕೀರ್ತನ ಟೆರೇಸಿನ ಮೂಲೆಯಲ್ಲಿ ನಿಂತು "ಊಟ ಆಯ್ತಾ" ಎಂದು ರೆಕಾರ್ಡ್ ಮಾಡಿ, ಕೇಳಿ, ಅಳಿಸಿದ್ದಳು. ಆ ದನಿಯಲ್ಲಿ ಊಟ ಆಯ್ತಾ ಎಂದರೆ ಸಾಲ ವಸೂಲಿಗೆ ಬಂದವರು ಕೇಳಿದ ಹಾಗಿರುತ್ತಿತ್ತು.

ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಪೋಷಕರು, ಹಿಂದೆ ಹುಡುಗ ಹುಡುಗಿಯರು. ಗಂಟಲು ಕಟ್ಟಿದ ಕಥೆ ಹೇಳಲು ಚೈತ್ರ ಸಾರ್ ಹತ್ತಿರ ಓಡಿದಳು, ಅಷ್ಟರಲ್ಲಿ ರಾಮಾಂಜಿನಪ್ಪ ಅವಳಿಗಿಂತ ಮುಂದಾಗಿ ಗುಲಾಬಿಯ ಗೊಂಚಲನ್ನು ಸಾರ್ ಕೈಗಿಟ್ಟಿದ್ದರು. ಸಾರ್ ಅವರನ್ನು ಅಪ್ಪಿಕೊಂಡೇಬಿಟ್ಟರು. ಪ್ರಾರ್ಥನೆಗೆ ಮುಂಚಿನ ಗದ್ದಲದಲ್ಲಿ ಒಬ್ಬರ ದನಿ ಒಬ್ಬರಿಗೆ ಕೇಳುವಂತಿರಲಿಲ್ಲ. ಪ್ರಾರ್ಥನೆ ಹಾಡಿದ ಹುಡುಗಿಯರ ದನಿ ಸಣ್ಣ ಗೆಜ್ಜೆಯಂತಿತ್ತು. ಕೀರ್ತನ ಅಭ್ಯಾಸಬಲದಿಂದ ಕೊನೆಯ ಬೆಂಚಿನಲ್ಲಿ ಬಾಯಿ ಆಡಿಸಿದಳು. ಚೈತ್ರ ಬಂದು ಪಕ್ಕದಲ್ಲಿ ಕುಸಿದು, "ಮುಗೀತು ಕಣೇ ನಮ್ ಕತೆ" ಎಂದಳು. ವೇದಿಕೆಯ ಕೆಳಗೆ ಕೆಂಪರಾಜ ಆಂಪ್ಲಿಫೈಯರಿನ ಮುಂದೆ ಮಂಡಿಯೂರಿ ಕೂತಿದ್ದ. ತಿರುಗಿ ಇವಳನ್ನು ಹುಡುಕಿ ನಕ್ಕ. ಅವಳೂ ನಕ್ಕಳು, ಎಂದಿನಂತೆ, ಬಾಯಿ ಮುಚ್ಚಿಕೊಂಡು.

ಶ್ರೀಧರ್ ಸಾರ್ ಮೈಕಿನ ಮುಂದೆ ನಿಂತು, ಎಷ್ಟೋ ತಂದೆಯಂದಿರ ಜೊತೆ ತಾವು ಫೋನಿನಲ್ಲಿ ಮಾತಾಡಿರುವುದಾಗಿಯೂ, ಆದರೆ ರಾಮಾಂಜಿನಪ್ಪನವರಂಥ ತಂದೆಯನ್ನು ಕಂಡಿಲ್ಲವೆಂದೂ, ಅವರ ಧ್ವನಿ ಕೇಳಿದರೇ ಮನಸ್ಸಿಗೆ ಒಂದು ಧೈರ್ಯ ಬರುತ್ತದೆಂದೂ ಹೇಳಿದರು. ಹೊಗಳಿಕೆಯ ಒಂದೊಂದು ಮಾತಿಗೂ ಕೀರ್ತನಳ ಕಿವಿ ಕಾದವು. ಅಷ್ಟೂ ಮಾತು ತನ್ನವು, ಒಂದನ್ನೂ ಮುಟ್ಟುವಂತಿಲ್ಲ. ಕೆಟ್ಟದ್ದೆಂದರೆ ಇಷ್ಟೆಲ್ಲ ಭಯದ ನಡುವೆಯೂ ಅವಳಿಗೆ ಖುಷಿಯಾಗುತ್ತಿತ್ತು. ರಾಮಾಂಜಿನಪ್ಪ ಎದ್ದು ಬಂದು, ಮೈಕಿಗೂ ಒಂದು ಕೈಮುಗಿದು, "ಎಲ್ರಿಗೂ ನಮಸ್ಕಾರ" ಎಂದರು.

ಮೊದಲು ಯಾರೂ ನಗಲಿಲ್ಲ. ಯಾರೋ ಹುಡುಗಿಯ ದನಿ ಮೈಕಿಗೆ ಸಿಕ್ಕಿಕೊಂಡಿದೆ ಎಂದು ಅತ್ತಿತ್ತ ನೋಡಿದರು. "ನಾನು ಓದಿದೋನಲ್ಲ" ಎಂದು ಅವರು ಮುಂದುವರಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಅದೇ ತೆಳು ದನಿ ಮಾಡಿ "ನಮಸ್ಕಾರಾ" ಎಂದು ಎಳೆದ. ಮುಗಿಯಿತು. ನಗು ಬೆಂಚಿನಿಂದ ಬೆಂಚಿಗೆ ಹತ್ತಿಕೊಂಡು ಮುಂದೆ ಹೋಯಿತು. ಪೋಷಕರೂ ಸೆರಗಿನಲ್ಲಿ, ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಶ್ರೀಧರ್ ಸಾರ್ ಕೈಯಲ್ಲಿ ಗುಲಾಬಿ ಹಿಡಿದು ದಿಕ್ಕೆಟ್ಟು ನಿಂತಿದ್ದರು. ರಾಮಾಂಜಿನಪ್ಪ ಮೈಕನ್ನು ಅನುಮಾನದಿಂದ ನೋಡಿ, "ಮೈಕ್ ಕೆಟ್ಟೈತೇನಪ್ಪ?" ಎಂದು ಕೆಂಪರಾಜನನ್ನು ಕೇಳಿದರು. ಆ ಪ್ರಶ್ನೆಯೂ ಮೈಕಿನಲ್ಲೇ ಹೋಯಿತು. ಅವನು ಮೇಲೆ ಹತ್ತಿ, ಬೆರಳಿನಿಂದ ತಟ್ಟಿ, ತಲೆ ತಗ್ಗಿಸಿ, "ಸರಿಯಾಗೈತಣ್ಣ" ಎಂದ. ಛಾವಣಿ ಹಾರಿಹೋಗುವಷ್ಟು ನಗು.

ರಾಮಾಂಜಿನಪ್ಪ ತಾವೂ ನಕ್ಕರು. ನಗದಿದ್ದರೆ ಇನ್ನೂ ಕೆಟ್ಟದಾಗುತ್ತದೆ ಎಂದು ತಿಳಿದವರ ನಗು. ಕೈಜೋಡಿಸಿ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ತಮ್ಮ ಕುರ್ಚಿ ಎಲ್ಲಿದೆ ಎಂದು ತಡಕಿದರು. ಆಗ ಕೀರ್ತನಳಿಗೆ ಆದದ್ದು ಸಮಾಧಾನ. ಸದ್ಯ, ಕೂತುಬಿಡುತ್ತಾರೆ. ಗಂಟಲು ಕಟ್ಟಿದ್ದಕ್ಕೇ ದನಿ ಹಾಗೆ ಬಂತು ಎಂದು ಚೈತ್ರ ಸಾರ್‌ಗೆ ಹೇಳುತ್ತಾಳೆ, ಸಾರ್ ನಂಬುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಚೈತ್ರ ತಲೆ ತಗ್ಗಿಸಿ ಅಳುತ್ತಿದ್ದಳು. ಅದು ಸಿಕ್ಕಿಬೀಳುವ ಅಳುವಲ್ಲ, ಅಪ್ಪನನ್ನು ನೋಡಲಾಗದ ಅಳು. ಒಬ್ಬ ಮನುಷ್ಯ ಊರವರೆಲ್ಲರ ಮುಂದೆ ಮುದುರಿಕೊಳ್ಳುತ್ತಿರುವಾಗ ಸಮಾಧಾನ ಪಟ್ಟುಕೊಂಡೆನಲ್ಲ ಎಂದು ಕೀರ್ತನಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಆ ನಗು ಅವಳಿಗೆ ಹೊಸದಲ್ಲ. ಅವಳನ್ನು ಮೀನಾಗಿಸಿದ್ದು ಅದೇ ನಗು. ಇವತ್ತು ಅದು ತೆಳು ದನಿಗೆ ಬಿದ್ದಿದೆ, ನಾಳೆ ದಪ್ಪ ದನಿಗೆ ಬೀಳುತ್ತದೆ, ಯಾವ ಅಳತೆಯ ದನಿ ತಂದರೆ ಇವರು ಬಾಯಿ ಮುಚ್ಚುತ್ತಾರೆ? ಕೋಪ ಬಂತು. ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ.

"ಲೇ. ಸುಮ್ಕಿರ್ರೋ."

ಅವಳು ಕಿರುಚಲಿಲ್ಲ. ಹೊಟ್ಟೆಯಿಂದ ಎತ್ತಿ, ನಗುವಿನ ಕೆಳಗಿನಿಂದ ತಳ್ಳಿದಳು. ಕೊನೆಯ ಬೆಂಚಿನಿಂದ ಹೊರಟದ್ದು ಎಲ್ಲರ ತಲೆಗಳನ್ನು ದಾಟಿ ವೇದಿಕೆಯ ಹಿಂದಿನ ಪರದೆಯವರೆಗೆ ಹೋಯಿತು. ಸಭಾಂಗಣ ಗಪ್ಪೆಂದಿತು. ಅಣಕಿಸಿದ ಹುಡುಗ ಪ್ರಿನ್ಸಿಪಾಲರೇ ಬಂದರೆಂದು ಎದ್ದು ನಿಂತ. ಎಲ್ಲರೂ ತಿರುಗಿ, ಇಷ್ಟು ದೊಡ್ಡ ದನಿಯ ಗಂಡಸು ಎಲ್ಲಿ ಎಂದು ಹುಡುಕಿ, ಎರಡು ಜಡೆ ಹಾಕಿ ಹಸಿರು ಚೂಡಿದಾರ ತೊಟ್ಟ ಹುಡುಗಿಯೊಬ್ಬಳು ನಿಂತಿರುವುದನ್ನು ಕಂಡರು. ಕೆಂಪರಾಜ ಕೈಯಲ್ಲಿ ವೈರು ಹಿಡಿದು ಹಾಗೇ ನಿಂತಿದ್ದ. ಶ್ರೀಧರ್ ಸಾರ್ ಕತ್ತು ನಿಧಾನವಾಗಿ ಇತ್ತ ತಿರುಗಿತು. ಅವರಿಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು. ಈಗ ಕೂತರೂ ಅಷ್ಟೆ, ನಿಂತರೂ ಅಷ್ಟೆ. ಎದೆಯಲ್ಲಿ ಎಷ್ಟೋ ವರ್ಷದಿಂದ ಬಿಗಿದಿಟ್ಟಿದ್ದ ಉಸಿರು ಹೊರಗೆ ಬಂದು, ಅವಳಿಗೆ ಇದ್ದಕ್ಕಿದ್ದಂತೆ ಹಾಯೆನ್ನಿಸಿತು.

"ಅವ್ರು ಮಾತಾಡ್ತಾವ್ರೆ. ಕೇಳಿಸ್ಕೊಳ್ಳೋದು ಕಲೀರಿ. ಮಾವ, ನೀವು ಹೇಳಿ. ಗಿಡಗಳ ಮುಂದೆ ಹೇಳ್ದಂಗೇ ಹೇಳಿ."

ರಾಮಾಂಜಿನಪ್ಪ ಮತ್ತೆ ಮೈಕಿನ ಮುಂದೆ ಬಂದರು. "ನನ್ ದನಿ ಇಷ್ಟೇಯ" ಎಂದರು. "ಮೈಕಿಂದೇನ್ ತಪ್ಪಿಲ್ಲ. ನಾನು ಓದಿದೋನಲ್ಲ. ನಮ್ ಹುಡ್ಗಿ ಇಲ್ಲಿ ಏನ್ ಓದ್ತಾಳೆ ಅಂತ ನಂಗೊತ್ತಿಲ್ಲ. ಅಕೌಂಟ್ಸು ಅಂತಾಳೆ. ಅಕೌಂಟ್ಸು ಓದೋರ ಕೈಯಾಗೆ ಮೆಹಂದಿ, ಪೌಡ್ರು ಇರಲ್ಲ ಅಂತ ನಂಗೂ ತಿಳೀತದೆ. ಕೇಳಕ್ ಹೋಗಿಲ್ಲ ನಾನು. ಕೇಳಿದ್ರೆ ಮಗಳು ಸುಳ್ಳೇಳ್ಬೇಕಾಯ್ತದೆ. ಸುಳ್ಳೇಳಿದ್ರೆ ಅವ್ಳಿಗೂ ನೋವು, ನಂಗೂ ನೋವು. ಅದ್ಕೇ ಸುಮ್ಕಿದ್ದೆ. ಈಗ ಅನ್ನಿಸ್ತದೆ, ಸುಮ್ಕಿರಬಾರ್ದಿತ್ತು. ನೀನ್ ಏನಾರ ಕಲಿಯವ್ವ, ನಂಗ್ ಹೇಳಿ ಕಲಿ ಅನ್ಬೇಕಿತ್ತು. ಅಪ್ಪ ಅಂದ್ರೆ ಮಕ್ಳು ಹೆದರ್ಕೊಂಡು ಮಾತ್ ನುಂಗೋ ಹಂಗಿರಬಾರ್ದು. ಅಷ್ಟೇ ನಾನ್ ಜೋಡಿಸ್ಕೊಂಡ್ ಬಂದಿದ್ದು." ಕೂರಲು ಹೋದವರು ಏನೋ ನೆನಪಾಗಿ ತಿರುಗಿ ಬಂದರು. "ಈ ಸಾರು ನಂಗೆ ಬೋ ಸಲ ಫೋನ್ ಮಾಡಿವ್ನಿ ಅಂದ್ರು. ನಂಗ್ಯಾವ ಫೋನೂ ಬಂದಿಲ್ಲ ಸ್ವಾಮಿ. ಕರ್ದವ್ರಲ್ಲ ಅಂತ ಬಂದೆ."

ಈ ಸಲವೂ ಜನ ನಕ್ಕರು, ಆದರೆ ಚಪ್ಪಾಳೆ ಹೊಡೆಯುತ್ತ ನಕ್ಕರು. ಚೈತ್ರ ಎದ್ದು ಬೆಂಚುಗಳ ನಡುವಿನಿಂದ ಓಡಿಹೋಗಿ ವೇದಿಕೆಯ ಮೆಟ್ಟಿಲಲ್ಲಿ ಅಪ್ಪನನ್ನು ಹಿಡಿದುಕೊಂಡಳು. ಕೀರ್ತನ ಇನ್ನೂ ನಿಂತೇ ಇದ್ದಳು. ಕೂರಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

ಸಭೆ ಮುಗಿದ ಮೇಲೆ ಶ್ರೀಧರ್ ಸಾರ್ ಅವಳನ್ನು ಕಾರಿಡಾರಿನ ಕೊನೆಗೆ ಕರೆದರು. ಕೈಯಲ್ಲಿ ಗುಲಾಬಿ ಹಾಗೇ ಇತ್ತು. ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅವರ ಕಿವಿಗಳು ಕೆಂಪಗಾಗಿದ್ದವು. ಅವಮಾನವಾದಾಗ ಮನುಷ್ಯರ ಕಿವಿ ಕೆಂಪಾಗುವುದು ಅವಳಿಗೆ ಚೆನ್ನಾಗಿ ಗೊತ್ತು.

"ನನ್ನ ಮಗಳ ವಿಷಯ ಯಾರ್ಯಾರಿಗೆ ಹೇಳಿದ್ದೀಯ?"

"ಯಾರಿಗೂ ಹೇಳಿಲ್ಲ ಸಾರ್. ಚೈತ್ರಂಗೂ ಹೇಳಿಲ್ಲ."

ಅವರು ತಿರುಗಿ ಅವಳ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. "ನಾಳೆ ಇಬ್ಬರೂ ಪ್ರಿನ್ಸಿಪಾಲ್ ರೂಮಿಗೆ ಬರಬೇಕು. ನಾನೇ ಕಂಪ್ಲೇಂಟ್ ಕೊಡ್ತೀನಿ. ಇದೇನು ಸಣ್ಣ ತಪ್ಪಲ್ಲ."

"ಹೂಂ ಸಾರ್. ತಪ್ಪಾಯ್ತು."

ಅವಳು ಹೇಳಿ ಉತ್ತರಕ್ಕೆ ಕಾಯದೆ ಹೊರಟಳು. ಹಿಂದಿನಿಂದ ಸಾರ್, "ಕೀರ್ತನ" ಎಂದು ಕರೆದರು. ಅವರ ಬಾಯಲ್ಲಿ ಅವಳ ಹೆಸರು ಅದೇ ಮೊದಲು. "ಸಿಂಚನ ಈಗ ಸ್ಕೂಲಿಂದ ಬಂದರೆ ಬಾಯಿ ಮುಚ್ಚೋದೇ ಇಲ್ಲ" ಎಂದರು. ನಗಬಾರದೆಂದು ಎಷ್ಟು ಬಿಗಿಹಿಡಿದರೂ ಅವರ ಮುಖ ಸೋತಿತು. ಗುಲಾಬಿಯನ್ನು ಎತ್ತಿ ನೋಡಿಕೊಂಡು ಸ್ಟಾಫ್ ರೂಮಿನ ಕಡೆ ನಡೆದರು.

ಗೇಟಿನ ಹತ್ತಿರ ಕೆಂಪರಾಜ ಸ್ಪೀಕರುಗಳನ್ನು ಲಗೇಜ್ ಆಟೊಗೆ ಏರಿಸುತ್ತಿದ್ದ. ಕೀರ್ತನ ನೇರ ಅವನ ಮುಂದೆ ಹೋಗಿ ನಿಂತಳು. ಅನುವಾದಕ್ಕೆ ಚೈತ್ರ ಇರಲಿಲ್ಲ.

"ನಂಗೆ ಗಂಟಲು ನೋವು ಇರ್ಲಿಲ್ಲ" ಎಂದಳು.

"ಗೊತ್ತಾಯ್ತು" ಎಂದ ಅವನು. ಸುತ್ತಿದ್ದ ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. "ಆ ಹಾಲ್‌ನಲ್ಲಿ ಯಾರ್ ಮಾತಾಡಿದ್ರೂ ಎಕೋ ಹೊಡೀತದೆ. ಎಷ್ಟು ಅಡ್ಜಸ್ಟ್ ಮಾಡಿದ್ರೂ ಹೋಗಲ್ಲ. ನೀನು ಮಾತಾಡಿದ್ದು ಒಂಚೂರೂ ಹೊಡೀಲಿಲ್ಲ."

"ಅದು ಹೊಗಳಿದ್ದಾ, ಬೈದಿದ್ದಾ?"

"ಮೈಕ್‌ಸೆಟ್ಟೋರು ಇದಕ್ಕಿಂತ ಜಾಸ್ತಿ ಹೊಗಳಲ್ಲ" ಎಂದು ಅವನು ತಲೆ ಎತ್ತಿದ. ಗಲ್ಲದ ಮೇಲೆಲ್ಲ ಧೂಳು. "ಇನ್ನೊಂದ್ ಸಲ ಏನಾದ್ರೂ ಮಾತಾಡು."

"ಊಟ ಆಯ್ತಾ?" ಎಂದಳು ಕೀರ್ತನ. ಅವನು ಆಗಿಲ್ಲ ಎಂದು ತಲೆ ಆಡಿಸಿದ. "ಮಾಡ್ಕೋ ಹೋಗು" ಎಂದು ಅವಳು ರಸ್ತೆಗೆ ಇಳಿದಳು. ನಾಲ್ಕು ಹೆಜ್ಜೆ ಹೋಗಿ, ಬಾಯಿ ತೆರೆದೇ ನಕ್ಕಳು.

ಮುಂದೆ ರಾಮಾಂಜಿನಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನಡೆಯುತ್ತಿದ್ದರು, ಚೈತ್ರ ಅವರ ಪಕ್ಕದಲ್ಲಿ. ಕೀರ್ತನ ಹಿಂದಿನಿಂದ ಬಂದು ಸೇರಿಕೊಂಡರೂ ಚೈತ್ರ ತಿರುಗಲಿಲ್ಲ. ಅವಳ ಗುಟ್ಟು ರಟ್ಟಾಗಿತ್ತು, ಪಾರ್ಲರಿನ ವಿಷಯ ಮನೆಯಲ್ಲಿ ಅಮ್ಮನ ಮುಂದೆ ಇನ್ನೊಮ್ಮೆ ಎದ್ದೇ ಏಳುತ್ತದೆ, ನಾಳೆ ಪ್ರಿನ್ಸಿಪಾಲ್ ರೂಮು ಬೇರೆ. ಇಷ್ಟಕ್ಕೆಲ್ಲ ಕಾರಣ ತಾನು ಎಂದು ಕೀರ್ತನಳಿಗೆ ಗೊತ್ತಿತ್ತು. ಮಾತು ಬಿಡುತ್ತಾಳೇನೋ ಎಂದುಕೊಂಡಾಗ, ಇಡೀ ದಿನ ಆಗದಷ್ಟು ಭಯ ಆಗ ಆಯಿತು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಸರ್ಕಲ್ಲಿನ ಆಚೆ ಬದಿಯಲ್ಲಿ ಅವರ ಊರಿನ ಕಡೆಯ ಬಸ್ಸು ಹೊರಟುಬಿಟ್ಟಿತು. ಅದು ಹೋದರೆ ಮುಂದಿನದು ಸಂಜೆಗೇ. ರಾಮಾಂಜಿನಪ್ಪ ಕೈಬೀಸಿ "ಹೋಲ್ಡಾನ್, ಹೋಲ್ಡಾನ್" ಎಂದು ಓಡಿದರು. ಲಾರಿ, ಆಟೊ, ಟಿಪ್ಪರುಗಳ ಸದ್ದಿನಲ್ಲಿ ಅದು ಅವರಿಗೇ ಕೇಳಿಸಿರಲಾರದು. ಚೈತ್ರ ನಿಂತಳು. ಕೀರ್ತನಳ ಕಡೆ ತಿರುಗಿದಳು. ಕಣ್ಣಿನ ಕಾಡಿಗೆ ಕೆನ್ನೆಯವರೆಗೆ ಇಳಿದಿತ್ತು. ಮೇಕಪ್ಪು ಕಲಿತವಳ ಮುಖ ಅಲ್ಲವೇ ಅಲ್ಲ ಅದು.

"ಏನ್ ನಿಂತ್ಕೊಂಡ್ ನೋಡ್ತೀಯ? ಕೂಗೇ."

ಕೀರ್ತನ ಕೂಗಿದಳು. ಬಸ್ಸು ನಿಂತಿತು. ಬಸ್ಸಿನ ಹಿಂದಿದ್ದ ಟಿಪ್ಪರ್ ನಿಂತಿತು, ಎರಡು ಆಟೊ ನಿಂತವು, ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದ ಬೈಕಿನವನು ಪೊಲೀಸರೆಂದು ಗಾಡಿ ಇಳಿದೇ ನಿಂತ. ಮೂವರೂ ರಸ್ತೆ ದಾಟಿ ಓಡಿದರು. ಚೈತ್ರ ಓಡುತ್ತಲೇ ಅವಳ ಕೈ ಹಿಡಿದುಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹೇಳುವಂತಿರಲಿಲ್ಲ. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ರಾಮಾಂಜಿನಪ್ಪನವರನ್ನು ಕೈಕೊಟ್ಟು ಮೇಲೆಳೆದುಕೊಂಡ.

"ಏನ್ ಗಂಟ್ಲು ಯಜಮಾನ್ರೇ ನಿಮ್ದು. ಡ್ರೈವರ್ ಹೆದ್ರಿ ಬ್ರೇಕ್ ತುಳಿದ್ಬಿಟ್ಟ."

ರಾಮಾಂಜಿನಪ್ಪ ಏದುಸಿರು ಬಿಡುತ್ತ ಇಲ್ಲವೆಂದು ಕೈಯಾಡಿಸಿದರು. ಕಂಡಕ್ಟರು ಅವರ ಹಿಂದೆ ಇನ್ನಾವ ಗಂಡಸಿದ್ದಾನೆಂದು ರಸ್ತೆಯತ್ತ ಇಣುಕಿದ. "ಮತ್ಯಾರ್ ಕೂಗಿದ್ದು?"

"ನಾನು" ಎಂದಳು ಕೀರ್ತನ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಎಲ್ಲರ ಮುಖವನ್ನೂ ನೋಡುತ್ತ ಮೆಟ್ಟಿಲು ಹತ್ತಿ, "ಮೂರು ಟಿಕೆಟ್ ಕೊಡಣ್ಣ" ಎಂದಳು.